ಐದೂವರೆಯ ಬಸ್ಸು

ಸದಾಶಿವ ಪೇಠಿನ ನನ್ನ ಬೈಂಡಿಂಗ್ ಅಂಗಡಿಯಲ್ಲಿ
ಒಬ್ಬ ಮನುಷ್ಯ ಮಲಗಬಹುದು, ಕಾಲು ಮಡಚಿದರೆ.
ಮೂವತ್ತೊಂದು ವರ್ಷ ಇಲ್ಲೇ ಕೂತು
ಕಪ್ಪು ರೆಕ್ಸಿನ್ನಿಗೆ ಬಂಗಾರದ ಅಕ್ಷರ ಒತ್ತಿದ್ದೇನೆ.
ಸಿಂದಗಿಯಲ್ಲಿ ಏಳನೆತ್ತೆಗೆ ಶಾಲೆ ಬಿಟ್ಟವನ ಅಂಟಿನಿಂದ
ಎಷ್ಟು ಮಂದಿ ಡಾಕ್ಟರಾದರೋ.

ಮೊನ್ನೆ ಶರ್ವರಿ ಕಾನಡೆ ತನ್ನ ಪ್ರಬಂಧ ತಂದಳು,
ಕನ್ನಡ ಅವಳ ಅಡ್ಡಹೆಸರಲ್ಲಷ್ಟೇ ಉಳಿದಿದೆ,
ಐದು ಪ್ರತಿ, ನಾಳೆಯೇ ಬೇಕು.
ವಿಷಯ: ಕಾಲೇಜು ಬಂದ ಊರುಗಳಲ್ಲಿ
ಕೆಲವು ಯಾಕೆ ಚಿಗುರುತ್ತವೆ, ಕೆಲವು ಯಾಕೆ ಬಿಕೋ ಅನ್ನುತ್ತವೆ.
ಪುಟ ಜೋಡಿಸುತ್ತ ಕೋಷ್ಟಕ ನೋಡಿದೆ:
ಸಂಶೋಧನೆಗೆ ಬಂದ ಹಣ, ವಿಮಾನ ನಿಲ್ದಾಣದ ದೂರ,
ಲಕ್ಷ ಜನಕ್ಕೆ ಎಷ್ಟು ಪುಸ್ತಕದಂಗಡಿ.
ತಪ್ಪು ಹುಡುಕುವಷ್ಟು ಓದು ನನ್ನದಲ್ಲ.
ಆದರೂ ಅಂದೆ, ಕಾಸಾರಖೇಡ ಇದರಲ್ಲಿ ಇಲ್ಲವಲ್ಲ ತಂಗಿ.

ಅಲ್ಲಿ ನನ್ನದೊಂದು ಅಂಗಡಿಯಿದೆ.
ಭಾವಮೈದುನ ಗುರುಪಾದ ಬೆನ್ನು ಬಿದ್ದಿದ್ದ:
ಹೈವೇ ಆಚೆ ಗಾಜಿನ ಕಾಲೇಜು ಎದ್ದೈತಿ ಮಾವ,
ಎಂಟು ಸಾವಿರ ಹುಡುಗರು, ಅಂಗಡಿ ಒಂದೂ ಇಲ್ಲ.
ಊರಿಗೆ ಊರೇ ಹೊಲ ಮಾರಿ ಗೋಡೆ ಎಬ್ಬಿಸಿತ್ತು.
ಜ್ಞಾನೋಬಾ ಶೇಲಾರ ಹನ್ನೆರಡು ಶಟರ್ ಕಟ್ಟಿಸಿದ,
ಅವನ ತಾಯಿ ಮೂರು ಮಹಡಿಯ ಖೋಲಿಗಳಿಗೆ
ಅರವತ್ತು ಕಬ್ಬಿಣದ ಮಂಚ ತರಿಸಿದಳು.
ಎರಡು ವರ್ಷ ಗಾದಿಯ ಪ್ಲಾಸ್ಟಿಕ್ ಹರಿಯಲಿಲ್ಲ.

ಐದೂವರೆಗೆ ಗೇಟು ತೆರೆಯುತ್ತದೆ.
ನಲವತ್ತು ಹಳದಿ ಬಸ್ಸು, ತಲೆ ಎಣಿಸಿ, ಬಾಗಿಲು ಹಾಕಿ,
ಸೀದಾ ಪುಣೆ.
ಒಳಗೇ ಮೆಸ್ಸು, ಒಳಗೇ ಝೆರಾಕ್ಸು, ಒಳಗೇ ಕ್ಷೌರದವನು.
ಕಿಟಕಿಯಿಂದ ಹುಡುಗರು ನಮ್ಮ ಬೋರ್ಡು ಓದುತ್ತಾರೆ,
ಓದಿ ಮುಗಿಯುವುದರೊಳಗೆ ಧೂಳು.
ಮೊದಲ ವರ್ಷದ ಖಾಯಂ ಗಿರಾಕಿ ಅಂದರೆ ವಾಚ್‌ಮನ್:
ರೇಶನ್ ಕಾರ್ಡಿಗೆ ಲ್ಯಾಮಿನೇಶನ್.

ಇಲ್ಲಿ ಪೇಠಿನಲ್ಲಿ ಏನಿತ್ತು ಅಂತ?
ಗಾಜಿರಲಿಲ್ಲ. ನೀರು ದಿನಕ್ಕೆರಡು ತಾಸು.
ಮಾಲತಿಬಾಯಿ ಲಿಮಯೆ ಅಟ್ಟವನ್ನು ಇರಾನಿನ ಬೆಹ್ರೂಜನಿಗೆ ಕೊಟ್ಟಳು,
ಮೊಟ್ಟೆಯ ವಾಸನೆ ಬಂತೆಂದು ಎರಡು ಸಲ ಹೊರಹಾಕಿ
ಎರಡು ಸಲ ತಾನೇ ಕರೆತಂದಳು.
ಇವತ್ತಿಗೂ ಅವಳ ಆಮ್ಟಿಗೆ ಹುಣಸೆ ಬೀಳುವುದಿಲ್ಲ,
ಅವನು ಕಲಿಸಿದ ಒಣ ನಿಂಬೆ.
ಮಹಾಂತನ ಖಾನಾವಳಿಯಲ್ಲಿ ಒಬ್ಬ
ಹನ್ನೊಂದು ತಿಂಗಳ ಬಾಕಿ ಕೊಡಲೇ ಇಲ್ಲ,
ಈಗ ಅವನ ಮಗಳು ಅಲ್ಲೇ ಉಣ್ಣುತ್ತಾಳೆ, ಉದ್ರಿ.
ರಸಾಯನದಲ್ಲಿ ಮೂರು ಸಲ ಫೇಲಾದ ಇಬುಂಗೋ
ಇಂಫಾಲಕ್ಕೆ ಮುಖ ತೋರಿಸಲಾರದೆ ಇಲ್ಲೇ ಉಳಿದು
ಹಾರ್ಮೋನಿಯಮ್ಮಿನ ತಿದಿ ರಿಪೇರಿಗೆ ಕೂತ;
ಈಗ ಕೈಕೆಳಗೆ ಒಂಬತ್ತು ಜನ, ಶನಿವಾರ ರಾತ್ರಿ
ಅವನ ಮಹಡಿಯಲ್ಲಿ ನಾಟಕದ ತಾಲೀಮು,
ಚಹಾ ಕೆಳಗಿನಿಂದ, ಪಾಂಪ್ಲೆಟ್ಟು ನನ್ನಿಂದ.

ಪಾಸಾದವರು ಹೋದರು, ತಂಗಿ.
ಊರು ಬೆಳೆದದ್ದು ಬಸ್ಸು ತಪ್ಪಿಸಿಕೊಂಡವರಿಂದ.
ಅವರಿಗೂ ಒಂದು ಕೋಷ್ಟಕ ಹಾಕಬೇಕಿತ್ತು.

ಅವಳು ನಕ್ಕಳು. ಕಾಕಾ, ಇದಕ್ಕೆ ಲೆಕ್ಕ ಎಲ್ಲಿಂದ ತರಲಿ?
ಮಹಾಂತನ ಉದ್ರಿ ವಹಿ ಕೇಳು ಅಂದೆ. ತಲೆ ಅಲ್ಲಾಡಿಸಿದಳು.
ಅವಳದೂ ಸರಿಯೇ. ಈ ಪೇಠೇನು ಕಲ್ಲಿನ ಮೇಲೆ ಬರೆದದ್ದಲ್ಲ:
ಲಿಮಯೆ ವಾಡೆ ಬಿಲ್ಡರನ ಕೈ ಸೇರಿದೆ,
ಹೊಸ ಹಾಸ್ಟೆಲಿನಲ್ಲಿ ಹೆಬ್ಬೆರಳು ಒತ್ತಿದರೇ ಬಾಗಿಲು,
ಹತ್ತರ ಮೇಲೆ ಹೆಬ್ಬೆರಳಿಗೂ ಇಲ್ಲ.

ಹೋದ ಆಷಾಢದಲ್ಲಿ ಕಾಸಾರಖೇಡದ ಮೋರಿ ಕುಸಿಯಿತು.
ಬಸ್ಸು ಬರಲಿಲ್ಲ. ಎಂಟಕ್ಕೆ ಗೇಟು ತೆರೆಯಲೇಬೇಕಾಯಿತು.
ಶೇಲಾರನ ತಾಯಿ ಭಾಕರಿ ಬಡಿದೇ ಬಡಿದಳು,
ಗಾದಿಯ ಪ್ಲಾಸ್ಟಿಕ್ ಅಂದು ಹರಿಯಿತು.
ಯಾವನೋ ಹುಡುಗ ಗುರುಪಾದನ ಸ್ಟೂಲಿನಲ್ಲಿ ಕೂತು
ಬೆಳಗಿನ ತನಕ ಚಿತ್ರ ಬಿಡಿಸಿದನಂತೆ,
ಜ್ಞಾನೋಬಾನ ಪಂಪು ಯಾಕೆ ನೀರೆತ್ತುವುದಿಲ್ಲ ಅಂತ.
ಮೂರು ದಿನಕ್ಕೆ ಮೋರಿ ಸರಿಯಾಯಿತು.
ಕಾಲೇಜಿನವರು ಗೋಡೆಯನ್ನು ಎರಡಡಿ ಎತ್ತರಿಸಿದರು.

ನಿನ್ನೆ ಗುರುಪಾದನ ಫೋನು: ಮಾವ, ಅಂಗಡಿ ಮುಚ್ಚಲೇನು?
ಮತ್ತೆ ಅವನೇ, ದನಿ ತಗ್ಗಿಸಿ:
ಗೋಡಿ ಬುಡಕ್ಕ ಯಾರೋ ನಾಕು ಇಟ್ಟಂಗಿ ಒಟ್ಟ್ಯಾರಂತ,
ಹೊರಗಲ್ಲ, ಒಳಗ.
ವಾಚ್‌ಮನ್ ನೋಡ್ಯಾನ, ತಗದಿಲ್ಲ.

ಶಟರ್ ಒಂಬತ್ತರ ತನಕ ಎತ್ತಿಡು ಅಂದೆ.