ಬೆಂಗಾವಲು

ಕಾಸರಗೋಡು ತಾಲೂಕು ಕಚೇರಿಯ ಹೊರಗೆ, ಗೋಳಿಮರದಡಿ
ನನ್ನದೊಂದು ಕನ್ನಡ ಟೈಪ್‌ರೈಟರ್. 'ಳ' ಮುರಿದಿದೆ.
ಹೊಳೆ ಬಂದಲ್ಲೆಲ್ಲ ಜಾಗ ಬಿಟ್ಟು
ಆಮೇಲೆ ಪೆನ್ನಿನಿಂದ ತುಂಬುತ್ತೇನೆ.

ಎಪ್ಪತ್ತಮೂರು, ಮಳೆ ಬಿಟ್ಟ ತಿಂಗಳು.
ಕಸಬಾ ಕಡಪ್ಪುರದ ದೂಮಪ್ಪ ಕರ್ಕೇರರು
ಎಣ್ಣೆಬಟ್ಟೆಯಲ್ಲಿ ಸುತ್ತಿ ತಂದರು ಒಂದು ಇಂಗ್ಲಿಷ್ ಕಾಗದ.
"ಪಿಂಚಣಿ ಉಂಟಂತೆ. ಇದನ್ನು ಕನ್ನಡ ಮಾಡಿ."

ಹಡಗಿನ ಹೆಸರು ಪಯಸ್ವಿನಿ.
"ನಮ್ಮ ಚಂದ್ರಗಿರಿ ಹೊಳೆಗೆ ಸುಳ್ಯದ ಕಡೆಯವರ ಹೆಸರು.
ಹೊಳೆಬಾಯಲ್ಲಿ ನಾವು ಯಾರೂ ಹಾಗೆ ಕರೆಯುವುದಿಲ್ಲ."

ಕೆಲಸ: ಎಸ್ಕಾರ್ಟ್.
ಯೋಚಿಸಿ, ಬೆಂಗಾವಲು ಎಂದು ಕುಟ್ಟಿದೆ.
ಬೆನ್ನಿಗೆ ಕಾವಲು, ಎಂದು ಬಿಡಿಸಿ ಹೇಳಿದೆ.
"ಯಾರ ಬೆನ್ನೋ. ನಾನು ಕಂಡದ್ದು ಬಾಯ್ಲರಿನ ಬಾಯಿ."

ಕಾಗದ ಹೇಳಿತು:
ನಲವತ್ತೆರಡು, ಕ್ಲೈಡ್ ನದಿಯಲ್ಲಿ ನೀರಿಗೆ.
ನಲವತ್ತಮೂರು, ಬೊಂಬಾಯಿಯಿಂದ ಏಡನ್, ಹದಿನಾಲ್ಕು ಸಲ.
ನಲವತ್ತನಾಲ್ಕು, ಕೊಲಂಬೊ, ಚಿತ್ತಗಾಂಗ್, ಮತ್ತೆ ಕೊಲಂಬೊ.
ನಲವತ್ತೈದು, ಅಕ್ಯಾಬ್, ಎರಡು ದಿನ ತೋಪು.

ದೂಮಪ್ಪ ಹೇಳಿದರು:
ಕಪ್ಪು ಹೊಗೆ ಎದ್ದರೆ ಮೇಲಿನಿಂದ ಬೈಗಳು,
ಹೊಗೆ ಕಂಡರೆ ಹಡಗು ಕಂಡ ಹಾಗೆ.
ಬೆಂಕಿ ಮಾಗಿದ ಗೇರುಹಣ್ಣಿನ ಬಣ್ಣಕ್ಕೆ ಬರಬೇಕು,
ಬಂದ ಮೇಲೆ ಅಲ್ಲೇ ನಿಲ್ಲಬೇಕು.
ಸಮುದ್ರವೆಂದರೆ ತಗಡಿನ ಆಚೆಗೆ
ಟಿಂಗ್ ಟಿಂಗ್ ಎಂದು ನೀರೊಳಗೆ ಯಾರನ್ನೋ ಹುಡುಕುವ ಸದ್ದು.
ನಾಲ್ಕು ವರ್ಷ ಅದರ ಮೇಲಿದ್ದೆ,
ನೋಡಿದ್ದು ಒಟ್ಟು ಹಾಕಿದರೆ ನಾಲ್ಕು ವಾರ ಆದೀತು.

ನಲವತ್ತಮೂರು, ನವೆಂಬರ್ ಇಪ್ಪತ್ತಮೂರು.
ಕಾಗದದಲ್ಲಿ ಇಷ್ಟೇ: ಸೊಕೋತ್ರದ ಪೂರ್ವಕ್ಕೆ
ಒಂದು ವ್ಯಾಪಾರಿ ಹಡಗು ನಷ್ಟ. ಸಾಲು ಮುಂದುವರಿಯಿತು.

ಅವರು ಎದ್ದು ಹೋಗಿ ಎಲೆಯಡಿಕೆ ಉಗಿದು ಬಂದರು.
ಬಂದವರು ತುಳುವಿಗೆ ಹೊರಳಿದ್ದರು.
"ಆಜ್ಞೆ ಬರುವುದು ಗಂಟೆಯಲ್ಲಿ. ಮುಳ್ಳು ತಿರುಗುತ್ತದೆ,
ಅರ್ಧ, ಪೂರ್ಣ, ನಿಲ್ಲು.
ಆ ರಾತ್ರಿ ದೂರದಲ್ಲೊಂದು ದೊಡ್ಡ ಸದ್ದು. ಆಮೇಲೆ ಗಂಟೆ: ಪೂರ್ಣ.
ನೀರಲ್ಲಿ ಜನ ಇದ್ದಾರೆಂದು ಕೆಳಗಿದ್ದ ನಮಗೂ ಗೊತ್ತು.
ನಿಲ್ಲು ಎಂಬ ಗಂಟೆಗೆ ಕಿವಿ ಇಟ್ಟು ಕಾದೆವು,
ಪಾಳಿ ಮುಗಿಯುವವರೆಗೆ.
ಬೆಂಕಿ ಗೇರುಹಣ್ಣಿನ ಬಣ್ಣದಲ್ಲೇ ಇತ್ತು. ನಾನೇ ಇಟ್ಟದ್ದು."

ಕೊನೆಯ ಪುಟ. ನಲವತ್ತಾರು, ಫೆಬ್ರವರಿ.
ಅವಿಧೇಯತೆ. ಸೇವೆ ಇನ್ನು ಬೇಡ. ರೈಲು ಟಿಕೆಟ್ ಒಂದು.
ಅದರ ಕೆಳಗೆ ಹಡಗಿನದ್ದು: ನಲವತ್ತೊಂಬತ್ತು, ಗುಜರಿಗೆ.

"ಬೇಳೆಯಲ್ಲಿ ಕಲ್ಲಿತ್ತು ಎನ್ನುತ್ತಾರೆ. ಇತ್ತು.
ಬೊಂಬಾಯಿಯಲ್ಲಿ ಮೇಲೆ ಎಲ್ಲರೂ ಕೂಗುತ್ತಿದ್ದಾಗ
ನಾನು ಕೆಳಗಿಳಿದು ಬರ್ನರುಗಳನ್ನು ಒಂದೊಂದಾಗಿ ಮುಚ್ಚಿದೆ.
ಯಾರೂ ಹೇಳಿರಲಿಲ್ಲ. ಗಂಟೆಯೂ ಆಗಿರಲಿಲ್ಲ.
ಆ ಹಡಗು ಸುಮ್ಮನಿದ್ದದ್ದು ನಾನು ಕೇಳಿದ್ದು ಅದೊಂದೇ ಸಲ."

ಕಲಂ ಒಂಬತ್ತು: ದೇಶಕ್ಕಾಗಿ ಮಾಡಿದ ತ್ಯಾಗದ ವಿವರ.
ಬರ್ನರುಗಳ ಕತೆ ಹಾಕಿದೆ, ತುಸು ಬಣ್ಣ ಕಟ್ಟಿ;
ಈ ಮರದಡಿಯ ಇಪ್ಪತ್ತು ವರ್ಷದ ಅಭ್ಯಾಸ.
"ಆ ನವೆಂಬರಿನದ್ದೂ ಹಾಕಿ."
ಅದಕ್ಕೆ ಕಲಂ ಇಲ್ಲ ಎಂದೆ. ಅರ್ಜಿ ಕೆಡುತ್ತದೆ ಎಂದೆ.
ಕಣ್ಣಾನೂರಿಗೆ ಮಲಯಾಳದ ಪ್ರತಿಯೂ ಬೇಕು,
ಚಾತ್ತುಕುಟ್ಟಿ ಅದಕ್ಕೆ ಬೇರೆ ಎರಡು ರೂಪಾಯಿ ಕೇಳುತ್ತಾನೆ,
ಸಾಲಿಗೆ ಇಷ್ಟು ಎಂದು ಲೆಕ್ಕ ಹಾಕುತ್ತಾನೆ, ಎಂದೆ.

ಅವರು ಏಳಲಿಲ್ಲ.

ಅಂಚಿನಲ್ಲಿ ಕುಟ್ಟಿದೆ:
ಒಂದು ಹಡಗು ಮು   ಗಿತು. ನಾವು ನಿಲ್ಲಲಿಲ್ಲ.

ಪೆನ್ನು ತೆಗೆಯುವಷ್ಟರಲ್ಲಿ ಕೈಯಿಂದ ಕಸಿದುಕೊಂಡರು.
ನಾಲ್ಕನೆಯ ಕ್ಲಾಸಿನ ಅಕ್ಷರ, ರಂಪಣಿ ಹಗ್ಗ ಎಳೆದ ಬೆರಳು.
ಆ ಒಂದು ಳು ಬರೆದು ಮುಗಿಸಲು
ಒಂದು ಬೀಡಿ ಸೇದುವಷ್ಟು ಹೊತ್ತು.

ಎಂಟಾಣೆ ಕಡಿಮೆ ಬಿತ್ತು. ಮೀನು ತರುತ್ತೇನೆ ಎಂದರು.
ತಂದರು, ಬೂತಾಯಿ, ಮುಟ್ಟಾಳೆ ತುಂಬ.
ಪಿಂಚಣಿ ಬಂತೋ ಇಲ್ಲವೋ
ನಾನು ಕೇಳಲಿಲ್ಲ.