ಯಾವ ಬ್ಯಾಳಿಯಿಂದ

ನಮ್ಮ ಕಾಲೇಜಿನಲ್ಲಿ ಆ ಯಂತ್ರವಿಲ್ಲ.
ಅದು ಎಲ್ಲೋ ಪರದೇಶದಲ್ಲಿ, ಊರಿನಷ್ಟು ದೊಡ್ಡ ಬಳೆಯಂತೆ ಇದೆಯಂತೆ.
ಇಲ್ಲಿರುವುದು ಕ್ಯಾಂಟೀನಿನಿಂದ ಎರವಲು ತಂದ ಪರಾತ,
ಬೋರಿನ ಸವಳು ನೀರು,
ಸ್ಕೇಲಿಗೆ ಕಟ್ಟಿದ ಎರಡು ಮೊಳೆ.
ಆಳಂದ ರಸ್ತೆಯಲ್ಲಿ ಲಾರಿ ಹೋದಾಗೆಲ್ಲ
ನಾನು ಮುಟ್ಟುವ ಮೊದಲೇ ನೀರು ನಡುಗುತ್ತದೆ.
ಕಲಬುರಗಿಯ ಬಿಸಿಲು ನಲವತ್ತಮೂರು. ಕರೆಂಟಿಲ್ಲ.

ನೈಟ್ರೋಜನ್ ಅಂದರೆ, ಎನ್ನುತ್ತೇನೆ,
ತೊಗರಿ ಕಾಳು. ಒಂದೇ ಸಿಪ್ಪೆ, ಒಳಗೆ ಎರಡು ಬ್ಯಾಳಿ.
ದಾಲ್ ಮಿಲ್ಲಿನ ಸದ್ದಿನಲ್ಲೇ ನಿದ್ದೆ ಕಲಿತ ಹುಡುಗಿಯರು
ಇವತ್ತು ಮೊದಲ ಸಲ ತಲೆ ಎತ್ತುತ್ತಾರೆ.
ಎರಡರ ನಡುವಿನ ದೂರ?
ಒಂದು ಸೆಂಟಿಮೀಟರನ್ನು ಹತ್ತು ಕೋಟಿ ನುಚ್ಚು ಮಾಡಿ
ಒಂದು ನುಚ್ಚು ಎತ್ತಿಕೊಳ್ಳಿ, ಅದಕ್ಕಿಂತ ತುಸು ಹೆಚ್ಚು.
ಕೂದಲೆಳೆಯಷ್ಟು ಅನ್ನಬೇಡಿ,
ಅಲ್ಲಿ ಕೂದಲು ಅಂದರೆ ಬೆಟ್ಟ.

ಬೆಳಕು ಬಂದು ಬಾಗಿಲು ತಟ್ಟುತ್ತದೆ.
ಎಲ್ಲಕ್ಕಿಂತ ಒಳಗಿನ ಕೋಣೆಯಿಂದ
ಒಂದೇ ಒಂದು ಎಲೆಕ್ಟ್ರಾನು ಎದ್ದು ಹೊರಡುತ್ತದೆ.

"ಯಾವ ಬ್ಯಾಳಿಂದ ಹೊಂಟಿತ್ರಿ, ಮೇಡಂ?"
ಜಗದೇವಿ. ಹಿಂದಿನ ಬೆಂಚು.
ಎರಡರಿಂದಲೂ.
"ಅರ್ಧ ಅರ್ಧಾನ್ರಿ?"
ಅಲ್ಲ. ಇಡಿಯಾಗಿ ಒಂದು, ಎರಡೂ ಕಡೆಯಿಂದ.
"ಹಂಗ ಹೆಂಗ ಆಗ್ತದ್ರಿ?"

ನಮ್ಮ ದಾದಿಮಾ ಹಲೀಮಾಬಿ, ಎದುರು ಮನೆಯ ಸಿದ್ಧಮ್ಮ
ಒಂದು ಬೀಸುವ ಕಲ್ಲಿಗೆ ಮುಖಾಮುಖಿ ಕೂತು
ಒಂದೇ ಗೂಟಕ್ಕೆ ಕೈ ಹಾಕುತ್ತಿದ್ದರು.
ಸುತ್ತಲೂ ಬ್ಯಾಳಿ ಉದುರಿ ಹಳದಿ ಅಂಗಳ.
ಇದು ಯಾರು ತಿರುವಿದ ಬ್ಯಾಳಿ ಎಂದು ಕೇಳಿದರೆ
ಇಬ್ಬರೂ ನನ್ನನ್ನೇ ನೋಡಿ ನಗುತ್ತಿದ್ದರು.
ನಾನು ಆಡಿದ ಮೊದಲ ಮಾತು "ಖರೇ" ಅಂತೆ.
ಅದು ಯಾವ ಬಾಯಿಂದ ನನ್ನ ಬಾಯಿಗೆ ಬಂತೋ
ಇವತ್ತಿಗೂ ಗೊತ್ತಿಲ್ಲ.
ಖರೇ ಗೊತ್ತಿಲ್ಲ.

ಇದನ್ನೆಲ್ಲ ಕ್ಲಾಸಿನಲ್ಲಿ ಹೇಳುವುದಿಲ್ಲ.
ಮೊಳೆಗಳನ್ನು ನೀರಿಗಿಳಿಸುತ್ತೇನೆ. ಟಪ ಟಪ ಟಪ.
ಉಂಗುರದೊಳಗೆ ಉಂಗುರ ಹಾಯ್ದು
ಕೆಲವು ಕಡೆ ನೀರು ಎರಡು ಪಟ್ಟು ಏಳುತ್ತದೆ.
ಕೆಲವು ಕಡೆ, ಬಗ್ಗಿ ನೋಡ್ರಿ,
ಸುಮ್ಮನಿದೆ.
ಎರಡೂ ಕಡೆಯಿಂದ ಅಲೆ ಬಂದೂ
ಯಾರೂ ಬಾರದ ಹಾಗಿರುವ ಜಾಗ.

ಮುಂದಿನ ಪುಟ:
ಒಂದು ಬ್ಯಾಳಿಗೆ ಒಂದು ನ್ಯೂಟ್ರಾನು ಹೆಚ್ಚು ಕೊಡಿ.
ಬಣ್ಣ ಅದೇ, ಗುಣ ಅದೇ, ತೂಕ ಮಾತ್ರ ಚೂರು ಬೇರೆ.
ಅಷ್ಟಕ್ಕೇ ಜೋಡಿಯ ಸಮ ತಪ್ಪುತ್ತದೆ.
ಹೊರಟ ಎಲೆಕ್ಟ್ರಾನು ಒಂದಿಷ್ಟು ಬಾಯಿ ಬಿಡುತ್ತದೆ
ತನ್ನ ಮನೆ ಯಾವುದೆಂದು.
ಪಟ್ಟೆಗಳು ಮಾಸುತ್ತವೆ. ಪೂರ್ತಿ ಅಲ್ಲ.

ಸಿದ್ಧಮ್ಮನ ಮಗ ಮಿಲ್ಲಿನಲ್ಲಿ ಮುನೀಮನಾದ.
ನಮ್ಮಪ್ಪ ಅಲ್ಲೇ ಜರಡಿ ಹಿಡಿಯುತ್ತಿದ್ದ.
ಸಿದ್ಧಮ್ಮನ ಕೊರಳಿಗೆ ಒಂದು ತೊಲೆ ಬಂತು.
ಜಗಳವಿಲ್ಲ, ಒಂದು ಕೆಟ್ಟ ಮಾತಿಲ್ಲ.
ಆದರೆ ಆಮೇಲೆ ಗರಗರ ಸದ್ದು ಕೇಳಿದರೇ
ಈಗ ಯಾರು ಎಳೆದರು, ಯಾರ ಕೈ ಬರೀ ಗೂಟದ ಮೇಲಿದೆ
ನನಗೂ ತಿಳಿಯುತ್ತಿತ್ತು.
ಎರಡು ಹೊಸ್ತಿಲ ನಡುವೆ ಆರೇಳು ಹೆಜ್ಜೆ.
ಅಲ್ಲಿಯತನಕ ದಾದಿಮಾ ಬರುತ್ತಿದ್ದಳು, ಸಿದ್ಧಮ್ಮನೂ ಬರುತ್ತಿದ್ದಳು.
ಅಲ್ಲಿ ಯಾರೂ ಇರುತ್ತಿರಲಿಲ್ಲ.

"ಮೇಡಂ, ಮುಟ್ಲ್ಯಾ?"
ನಾನು ಹ್ಞೂಂ ಅನ್ನುವ ಮೊದಲೇ ಜಗದೇವಿ
ಆ ಸುಮ್ಮನಿರುವ ಗೆರೆಗೆ ಬೆರಳು ಇಟ್ಟಳು.
ಪಟ್ಟೆಗಳೆಲ್ಲ ಕಲಸಿಹೋದವು.

"ಇಲ್ಲೀನೂ ನೀರೇ ಅದ್ರಿ," ಎಂದಳು,
ಬೆರಳನ್ನು ಚೂಡಿದಾರಿಗೆ ಒರೆಸಿಕೊಳ್ಳುತ್ತ.

ಅಷ್ಟರಲ್ಲಿ ಮತ್ತೊಂದು ಲಾರಿ, ತುಂಬಿದ್ದು,
ಪರಾತಿನ ಅಂಚು ಸಣ್ಣಗೆ ಗುಂಯ್ ಎಂದಿತು.