ಇಮ್ಮಖ

ಡೇನಿಶ್ ಕಾಗದ ಬೆಳಿಗ್ಗೆಯೇ ಬಂದಿತ್ತು.
ಸಂಜೆ ಆರಕ್ಕೆ ತುಕುಮ್ಮೆಕ್ ಅದನ್ನು
ದ್ವೀಪದ ರೇಡಿಯೋದಲ್ಲಿ ತನ್ನ ನುಡಿಯಲ್ಲಿ ಓದಬೇಕು.
ಗ್ರೀನ್‌ಲ್ಯಾಂಡಿನ ಪಡುವಣ ತೀರ;
ಕೇಳುವವರು ಇನ್ನೂರು ಜನ,
ಅರ್ಧ ಜನ ಮೀನು ಸೀಳುತ್ತ.

ಮೊದಲ ಸಾಲೇ ಕಾಲು ಹಿಡಿಯಿತು:
"ಬಿಸಿಯೇರಲು ಮನುಷ್ಯರೇ ಕಾರಣ,
ನೂರಕ್ಕೆ ತೊಂಬತ್ತೇಳು ವಿಜ್ಞಾನಿಗಳ ಒಮ್ಮತ.
ಮುಂದಿನದು ಬಹಳ ಮಟ್ಟಿಗೆ ಸಂಭವನೀಯ."
ಸಂಭವನೀಯಕ್ಕೆ ಅವಳ ಬಾಯಿಗೆ ಬರುವುದು
ಇಮ್ಮಖ.
ಬಹುಶಃ. ನೋಡೋಣ. ದೋಣಿ ನಾಳೆ ಬಂದರೆ ಬಂತು.
ಮದುವೆಗೂ ಇಮ್ಮಖ, ಮಳೆಗೂ ಇಮ್ಮಖ,
ಸಾಲ ತೀರಿಸುವ ದಿನಕ್ಕಂತೂ ಇಮ್ಮಖವೇ.

ಸೋದರಮಾವ ಇನುತೆಕ್ ಕಾಫಿ ಹೀರುತ್ತ ನಕ್ಕ:
"ಅಷ್ಟು ಓದಿದವರೂ ಇಮ್ಮಖ ಅನ್ನುತ್ತಾರೋ?
ಹಾಗಾದರೆ ನಾನೂ ವಿಜ್ಞಾನಿಯೇ.
ಅಲ್ಲವೇ, ಕೈ ಎತ್ತಿಸಿ ಎಣಿಸಿದರೆ
ಕಡಲು ಕೇಳುತ್ತದೆಯೇ?"

ಬರೆದದ್ದನ್ನು ಹೊಡೆದುಹಾಕಿದಳು. ಬರೆದಳು. ಹೊಡೆದಳು.
ಐದೂಮುಕ್ಕಾಲು.

ಕಿಟಕಿಯಾಚೆ ಯಾರೋ ತೂಕ್ ಹೆಗಲಿಗೇರಿಸಿ ಹೋದರು.
ತೂಕ್: ನಮ್ಮ ತೂಕವಲ್ಲ, ಕಬ್ಬಿಣದ ಮೊನೆಯ ಗಳು.
ಆದರೂ ತೂಗುವುದಕ್ಕೇ ಇರುವುದು,
ಈ ಮಂಜುಗಡ್ಡೆ ನನ್ನನ್ನೂ ನನ್ನ ನಾಯಿಗಳನ್ನೂ
ಹೊರುತ್ತದೆಯೇ ಎಂದು.

ಆರಕ್ಕೆ ಓದಿದಳು:
"ಹೋದ ಮಾರ್ಚಿನಲ್ಲಿ ಏಳು ನಾಯಿಗಾಡಿ
ಕೊಲ್ಲಿಯ ಅಂಚಿಗೆ ನಿಂತದ್ದು ನೆನಪಿದೆಯಲ್ಲ.
ಯಾರೂ ಯಾರನ್ನೂ ಕೇಳಲಿಲ್ಲ.
ಒಬ್ಬೊಬ್ಬರು ಒಂದೊಂದು ಕಡೆ ನಡೆದು
ತಮ್ಮ ತಮ್ಮ ತೂಕ್ ಕುಟ್ಟಿದರು.
ಆರು ಕಡೆ, ಮೂರನೆಯ ಪೆಟ್ಟಿಗೆ, ಕಪ್ಪು ನೀರು.
ಒಬ್ಬನದು ಮಾತ್ರ ಗಟ್ಟಿ ನಿಂತಿತು.
ಏಳೂ ಗಾಡಿ ತಿರುಗಿದವು.

ಈ ಕಾಗದದವರೂ ಹಾಗೆಯೇ.
ಎಷ್ಟೋ ಜನ ಒಬ್ಬರ ಮುಖ ಒಬ್ಬರು ಕಂಡವರಲ್ಲ.
ಒಬ್ಬ ಹವಳ ಕೊರೆದ,
ಒಬ್ಬಳು ಹಳೆಯ ಹಿಮದೊಳಗಿನ ಗಾಳಿಗುಳ್ಳೆ ಒಡೆದಳು,
ಅಳೆದೂ ಸುರಿದೂ ಬೇರೆ ಬೇರೆ ಕಡೆ ಕುಟ್ಟಿದರು.
ನೀರು ಬಂದಿದೆ.
ಎಷ್ಟು ಆಳ, ಯಾವ ವರ್ಷ ಎಂಬಲ್ಲಿ ಇಮ್ಮಖ ಉಂಟು.
ನೀರಿಗೆ ಇಮ್ಮಖ ಇಲ್ಲ."

ನೂಕ್ ಕಚೇರಿಯಿಂದ ಫೋನು: ಶೇಕಡಾ ಎಲ್ಲಿ ಬಿಟ್ಟಿರಿ?
ಇನುತೆಕ್ ಏನೂ ಅನ್ನಲಿಲ್ಲ,
ಲೋಟ ತೊಳೆದಿಟ್ಟು ನಾಯಿಗಳಿಗೆ ಮೀನು ಹಾಕಲು ಹೋದ.
ಹದಿನಾಲ್ಕಿದ್ದವು. ಈಗ ಐದು.

ರಾತ್ರಿ ಇನ್ನೊಂದು ಫೋನು.
"ಆ ಒಬ್ಬ ನಾನೇ ತಾನೇ?" ಮಾಲಿಯಾಂಗುವಾಕ್‌ನ ದನಿ.
"ಹೌದು."
"ನನ್ನ ಗಡ್ಡೆ ಗಟ್ಟಿಯೇ ಇತ್ತು."
"ಇರಲಿಲ್ಲವೆಂದು ನಾನು ಓದಲಿಲ್ಲ.
ನೀನೂ ತಿರುಗಿದೆಯಲ್ಲ, ಯಾಕೆ?"

ಬಹಳ ಹೊತ್ತು ಮಾತಿಲ್ಲ.
ಆ ತುದಿಯಲ್ಲಿ ನಾಯಿಯೊಂದು ಸರಪಳಿ ಎಳೆದಾಡಿತು.
"ಹತ್ತು ನಾಯಿ ಕಟ್ಟಿದ್ದೆ," ಅಂದ,
"ಗಟ್ಟಿ ಇದ್ದದ್ದು
ನಾನು ನಿಂತಷ್ಟೇ ಜಾಗ."